ನೀರಿಗೆ ದಮ್ಮಿಲ್ಲದ ಬೆಳಗು

ಮೇ ತಿಂಗಳಲ್ಲಿ ನಮ್ಮ ಯಾದಗಿರಿ ಸೀಮೆಯ ಭೀಮೆ ಹರಿಯುವುದಕ್ಕಿಂತ ಮಡುಗಳಲ್ಲಿ ನಿಂತಿರುವುದೇ ಹೆಚ್ಚು. ಮೀನು ಹಿಡಿಯುವ ಹಿರಿಯರೊಬ್ಬರು ಹಿಂದಿನ ರಾತ್ರಿ ಫೋನ್ ಮಾಡಿದ್ದರು. "ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿವೆ. ನೀರಿಗೆ ದಮ್ಮಿಲ್ಲ. ನೀವು ರಸಾಯನಶಾಸ್ತ್ರ ಕಲಿಸುವವರು, ಬಂದು ನೋಡಿ."

ಬೆಳಗಿನ ಐದೂವರೆಗೆ ನಾನು ಮಡುವಿನ ದಂಡೆಯಲ್ಲಿದ್ದೆ. ಅಂಗೈ ಅಗಲದ ರೋಹು, ಕಾಟ್ಲಾ ಮರಿಗಳು ನೀರಿನ ಮೇಲ್ಪದರಕ್ಕೆ ತುಟಿ ಹಚ್ಚಿ ನಿಂತಿದ್ದವು. ನಮ್ಮ ನೆರಳು ಮೇಲೆ ಬಿದ್ದರೂ ಒಂದೂ ಕದಲಲಿಲ್ಲ. ಬರಿಗೈಯಲ್ಲಿ ಬಾಚಿಕೊಳ್ಳಬಹುದಿತ್ತು. ಹಿರಿಯರು ಬಲೆಯನ್ನು ಮಡಚಿಯೇ ಇಟ್ಟಿದ್ದರು. "ಉಸಿರಿಗೆ ಒದ್ದಾಡುವುದನ್ನು ಹಿಡಿಯಬಾರದು" ಎಂದರು.

ಹಗಲಿನಲ್ಲಿ ಪಾಚಿ ನೀರಿಗೆ ಆಮ್ಲಜನಕ ಕೊಡುತ್ತದೆ, ರಾತ್ರಿ ಅದೂ ಉಸಿರಾಡಲೇಬೇಕು. ಹಾಗಾಗಿ ಹೊಳೆಗೆ ಅತ್ಯಂತ ಕಷ್ಟದ ಹೊತ್ತು ಸೂರ್ಯ ಹುಟ್ಟುವ ಮೊದಲಿನದು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ, 30 ಡಿಗ್ರಿ ಬಿಸಿಯ ಒಂದು ಲೀಟರ್ ನೀರು ಹೆಚ್ಚೆಂದರೆ ಏಳೂವರೆ ಮಿಲಿಗ್ರಾಂ ಹಿಡಿದಿಟ್ಟುಕೊಳ್ಳುತ್ತದೆ. ನೀರು ಬಿಸಿಯಾದಷ್ಟೂ ಈ ಮಿತಿ ಇಳಿಯುತ್ತದೆ. ಮೀನುಗಾರಿಕೆಗೆ ಯೋಗ್ಯ ಎನ್ನಬೇಕಾದರೆ ಕನಿಷ್ಠ 4 ಮಿಲಿಗ್ರಾಂ ಇರಬೇಕು. ಮೀನಿನ ಬದುಕೆಲ್ಲ ಇಷ್ಟು ಸಣ್ಣ ಗಂಟಿನ ಮೇಲೆ ನಡೆಯುತ್ತದೆ.

ಕಾಲೇಜಿನಿಂದ ತಂದಿದ್ದ 300 ಮಿಲಿ ಬಾಟಲಿಗಳಲ್ಲಿ ಎರಡು ಮಾದರಿ ತೆಗೆದೆ. ಒಂದು ಪಟ್ಟಣದ ಚರಂಡಿ ನೀರು ಸೇರುವ ಜಾಗಕ್ಕಿಂತ ಮೇಲಿನದು, ಇನ್ನೊಂದು ಅದಕ್ಕಿಂತ ಕೆಳಗಿರುವ ಈ ಮಡುವಿನದು. ಒಳಗೆ ಒಂದು ಗುಳ್ಳೆಯೂ ಉಳಿಯದಂತೆ ಮುಚ್ಚಳ ಹಾಕಬೇಕು. ಮ್ಯಾಂಗನೀಸ್ ಸಲ್ಫೇಟ್ ಹಾಗೂ ಕ್ಷಾರೀಯ ಅಯೋಡೈಡ್ ಹಾಕಿ ಅಲುಗಾಡಿಸಿದೆ. ಆಮ್ಲಜನಕವಿದ್ದರೆ ಗಸಿ ಕಂದಾಗುತ್ತದೆ, ಇಲ್ಲದಿದ್ದರೆ ಬಿಳಿಯಾಗಿಯೇ ಕೂರುತ್ತದೆ. ಮೇಲಿನ ಬಾಟಲಿ ಬೆಲ್ಲದ ಬಣ್ಣಕ್ಕೆ ತಿರುಗಿತು. ಮಡುವಿನ ಬಾಟಲಿಯ ಗಸಿ ಹಾಲಿನಂತೆ ಬೆಳ್ಳಗೆ ಕೂತಿತು. ಇಪ್ಪತ್ತು ವರ್ಷ ಈ ಪ್ರಯೋಗ ಕಲಿಸಿದ್ದೇನೆ, ಅಷ್ಟು ಬಿಳುಪನ್ನು ಹೊಳೆಯ ನೀರಿನಲ್ಲಿ ಎಂದೂ ಕಂಡಿರಲಿಲ್ಲ.

ಜನ ದೂರುವುದು ಚರಂಡಿಯ ಬಾಯಿಯನ್ನು, ಏಕೆಂದರೆ ನೊರೆಯೂ ನಾತವೂ ಅಲ್ಲಿರುತ್ತವೆ. ಆದರೆ ಸೂಕ್ಷ್ಮಜೀವಿಗಳು ಹೊಲಸನ್ನು ತಿನ್ನಲು ಸಮಯ ಬೇಕು, ತಿನ್ನುತ್ತಲೇ ಅವು ಆಮ್ಲಜನಕ ಎಳೆದುಕೊಳ್ಳುತ್ತವೆ. ಹಾಗಾಗಿ ಉಸಿರು ಕಟ್ಟುವುದು ಸಾಮಾನ್ಯವಾಗಿ ಇನ್ನೂ ಕೆಳಗೆ, ಯಾರೂ ಮೂಗು ಮುಚ್ಚಿಕೊಳ್ಳದ ಕಡೆ.

ಮಧ್ಯಾಹ್ನ ಆ ಪಟ್ಟಣದ ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ ಹೋದೆ. ತೊಟ್ಟಿಗೆ ಗಾಳಿ ಊದುವ ಬ್ಲೋವರ್ ಸದ್ದಿರಲಿಲ್ಲ. ಬಿರುಗಾಳಿಗೆ ಕಂಬ ಬಿದ್ದು ಮೂರು ದಿನಗಳಿಂದ ಕರೆಂಟ್ ಇಲ್ಲ, ಜನರೇಟರ್ ಇದೆ, ಡೀಸೆಲ್ ಇಲ್ಲ ಎಂದು ಅಲ್ಲಿನ ಆಪರೇಟರ್ ಹೇಳಿದರು. ಗಾಳಿ ತೊಟ್ಟಿಯ ನೀರನ್ನು ಒಂದು ಲೀಟರಿನ ಗಾಜಿನ ಅಳತೆ ಜಾಡಿಗೆ ತುಂಬಿ ಅರ್ಧ ಗಂಟೆ ಇಟ್ಟರು. ಅದರಲ್ಲಿನ ಕೆಸರೆಂದರೆ ಹೊಲಸು ತಿನ್ನುವ ಸೂಕ್ಷ್ಮಜೀವಿಗಳ ಮುದ್ದೆ. ಆರೋಗ್ಯವಾಗಿರುವ ಕೆಸರು ಕಂದಾಗಿದ್ದು ಮೊದಲ ಮಳೆಯ ಮಣ್ಣಿನಂತೆ ಘಮ್ಮೆನ್ನುತ್ತದೆ, ಕೆಳಗೆ ಕೂತು ಮೇಲೆ ತಿಳಿನೀರು ಬಿಡುತ್ತದೆ. ಇದು ಕಪ್ಪಾಗಿತ್ತು, ಕೊಳೆತ ಮೊಟ್ಟೆಯ ವಾಸನೆ. ಕೂತ ಮುದ್ದೆಗಳು ಗುಳ್ಳೆ ಹೊತ್ತು ಮತ್ತೆ ಮೇಲೇಳುತ್ತಿದ್ದವು. "ಸಾಯುತ್ತಿವೆ ಸರ್" ಎಂದರು ಅವರು, ಮನೆಯ ದನಗಳ ಬಗ್ಗೆ ಹೇಳುವಂತೆ.

ಅವರ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಊರಿನ ಹೊಲಸು ತಿನ್ನುವುದು ಯಂತ್ರವಲ್ಲ, ಈ ಜೀವಿಗಳು. ಅವುಗಳಿಗೆ ಬೇಕಾದ ಗಾಳಿಯನ್ನು ನಾವು ತೊಟ್ಟಿಯಲ್ಲಿ ಊದಬೇಕು, ಇಲ್ಲವಾದರೆ ಅದೇ ಹಸಿವು ಹೊಳೆಗಿಳಿದು ಮೀನಿನ ಪಾಲನ್ನು ಕಸಿಯುತ್ತದೆ. ಶುದ್ಧೀಕರಿಸದ ಕೊಳಚೆಯ ಒಂದು ಲೀಟರಿಗೆ ಸುಮಾರು 200 ಮಿಲಿಗ್ರಾಂ ಆಮ್ಲಜನಕ ಬೇಕು. ಎಂದರೆ ಇಪ್ಪತ್ತೈದು ಲೀಟರಿಗೂ ಹೆಚ್ಚು ಹೊಳೆ ನೀರಿನ ಉಸಿರು. ಮಳೆಗಾಲದ ಭೀಮೆ ಅದನ್ನು ತಾಳಿಕೊಂಡಾಳು, ಮೇ ತಿಂಗಳ ಮಡು ಎಲ್ಲಿಂದ ತಂದೀತು?

ಸಂಜೆ ನಾಲ್ಕಕ್ಕೆ ಕರೆಂಟ್ ಬಂತು. ಬ್ಲೋವರ್ ಗುಡುಗಿತು, ತೊಟ್ಟಿ ಕುದಿಯುವಂತೆ ಉಕ್ಕತೊಡಗಿತು. ಕಂದು ಬಣ್ಣ ಮರಳಲು ಇನ್ನೂ ಹಲವು ದಿನ ಬೇಕು ಎಂದರು ಆಪರೇಟರ್. ಘಟಕದಲ್ಲಿ ಬೇಸಿಗೆಯಿಡೀ ಡೀಸೆಲ್ ದಾಸ್ತಾನು ಇರಬೇಕೆಂದು ರಾತ್ರಿ ಕೂತು ಅರ್ಜಿ ಬರೆದೆ, ಎರಡೂ ಬಾಟಲಿಗಳ ಚಿತ್ರ ಲಗತ್ತಿಸಿದೆ.

ಮರುದಿನ ನಸುಕಿನಲ್ಲೇ ಹಿರಿಯರ ಫೋನ್ ಬಂತು. "ಇನ್ನೂ ಮೇಲೆಯೇ ಇವೆ" ಎಂದರು.