25 ಕಿಲೋಮೀಟರ್ ಸೇತುವೆ, ಒಂದು ಓಟಿಪಿ

ಸೌದಿಯ ಖೋಬರ್‌ನಿಂದ ಬಹ್ರೈನ್‌ಗೆ ಗುರುವಾರ ಸಂಜೆ ಬ್ರೇಕ್‌ಡೌನ್ ಕಾಲ್ (ಕೆಟ್ಟ ಯಂತ್ರದ ರಿಪೇರಿ ಕೆಲಸ) ಹಾಕುವವರು ಎರಡೂ ದೇಶ ಸೇರಿಸುವ ಸೇತುವೆ ಕಿಂಗ್ ಫಹದ್ ಕಾಸ್‌ವೇ ಮೇಲೆ ಒಮ್ಮೆಯೂ ಗಾಡಿ ಓಡಿಸಿಲ್ಲ ಅನ್ನೋದು ನನ್ನ ಗಟ್ಟಿ ನಂಬಿಕೆ. ದೂರ 25 ಕಿಲೋಮೀಟರ್, ಸರಿ. ಶುಕ್ರವಾರ-ಶನಿವಾರ ರಜೆ ಅಂತ ಸೌದಿಯ ಅರ್ಧ ಈಸ್ಟರ್ನ್ ಪ್ರಾವಿನ್ಸೇ ಬಹ್ರೈನ್ ರಾಜಧಾನಿ ಮನಾಮಕ್ಕೆ ಹೊರಟಿರುತ್ತೆ. ಅದು ಜಾಬ್ ಶೀಟ್‌ನಲ್ಲಿ ಕಾಣಲ್ಲ.

ಬಹ್ರೈನ್‌ನ ಸಿತ್ರಾದ ಫ್ಯಾಕ್ಟರಿಯೊಂದರಲ್ಲಿ ಚಿಲ್ಲರ್‌ನ (ತಂಪು ಮಾಡುವ ಯಂತ್ರ) ವಿಎಫ್‌ಡಿ, ಅಂದರೆ ಮೋಟಾರ್ ವೇಗ ಹಿಡಿತದಲ್ಲಿಡುವ ಡ್ರೈವ್, ಟ್ರಿಪ್; ಅದರ ಕಾರ್ಡ್ ಬದಲಿಸಬೇಕಿತ್ತು. ರಾತ್ರಿ ಒಂಬತ್ತಕ್ಕೆ ಶಟ್‌ಡೌನ್ ಪರ್ಮಿಟ್, ಅಂದರೆ ಯಂತ್ರ ನಿಲ್ಲಿಸಿ ಕೆಲಸ ಮಾಡುವ ಅನುಮತಿ. ನಾಲ್ಕಕ್ಕೆ ಬಿಟ್ಟರೆ ಧಾರಾಳ ಅಂದುಕೊಂಡೆ. ನಡುವಿನ ದ್ವೀಪದ ಪಾಸ್‌ಪೋರ್ಟ್ ಬೂತ್ ಮುಟ್ಟುವಾಗಲೇ ಏಳು ದಾಟಿತ್ತು. ಇಖಾಮಾ (ಸೌದಿ ವಾಸದ ಪರವಾನಗಿ) ಸರಿ, ಎಕ್ಸಿಟ್ ರೀ-ಎಂಟ್ರಿ ವೀಸಾ ಸರಿ. ಆಫೀಸರ್ ಗಾಡಿ ನಂಬರ್ ಇನ್ನೊಮ್ಮೆ ಕುಟ್ಟಿ, ಸ್ಕ್ರೀನ್ ನೋಡಿ, "ತಫ್ವೀದ್?" ಅಂದ.

ತಫ್ವೀದ್ ಅಂದರೆ ಗಾಡಿ ಓಡಿಸಲು ಅದರ ಮಾಲೀಕರು ಕೊಡುವ ಪರವಾನಗಿ. ಗಾಡಿ ಕಂಪನಿ ಹೆಸರಲ್ಲಿತ್ತು. ನನ್ನ ಹತ್ತಿರ ಇದ್ದದ್ದು ಸೌದಿಯೊಳಗೆ ಓಡಿಸುವ ಪರವಾನಗಿ ಮಾತ್ರ. ದೇಶದಾಚೆ ಒಯ್ಯಲು ಬೇರೆಯದೇ ಬೇಕು. ಹಿಂದೆಲ್ಲ ರೆಂಟಲ್ ಗಾಡಿಯವರೇ ಮಾಡಿಕೊಡುತ್ತಿದ್ದರು, ನಾನು ಕೇಳುವ ಗೋಜಿಗೇ ಹೋಗಿರಲಿಲ್ಲ.

ಗಾಡಿ ಪಕ್ಕಕ್ಕೆ ಹಾಕಿಸಿದರು. ಕೆಳಗಿಳಿದರೆ ಹಬೆಗೆ ಕನ್ನಡಕವೆಲ್ಲ ಮಂಜು. ಕಂಪನಿ ಗಾಡಿಗಳನ್ನು ನೋಡಿಕೊಳ್ಳುವ ಫ್ಲೀಟ್‌ನವನು ಪುಣ್ಯಾತ್ಮ, ಮಾಲ್‌ನಲ್ಲಿ ನಿಂತೇ ಸೌದಿ ಸರ್ಕಾರದ ಆನ್‌ಲೈನ್ ಸೇವೆ ಅಬ್ಶಿರ್ ತೆರೆದ. ಆದರೆ ಓಟಿಪಿ ಹೋಗೋದು ಕಂಪನಿಯ ಸರ್ಕಾರಿ ಕಾಗದಪತ್ರ ನೋಡುವ ಮಂದೂಬ್ ಮೊಬೈಲ್‌ಗೆ, ಮಂದೂಬ್ ಫೋನ್ ಎತ್ತಲ್ಲ. ಇಡೀ ಕಂಪನಿಯ ಗಾಡಿಗಳ ಹಣೆಬರಹ ಒಬ್ಬನ ಜೇಬಿನಲ್ಲಿಟ್ಟ ಮಹಾನುಭಾವ ಯಾರೋ! ಈ ಮಧ್ಯೆ ಸೈಟ್‌ನ ಸೂಪರ್‌ವೈಸರ್, ಮಂಗಳೂರಿನವರು, ಹತ್ತು ನಿಮಿಷಕ್ಕೊಮ್ಮೆ "ಎಲ್ಲಿಗೆ ಮುಟ್ಟಿದ್ರಿ ಮಾರಾಯ್ರೆ?" ಅಂತ. "ಬ್ರಿಡ್ಜ್ ಮೇಲೇ ಇದ್ದೇನೆ" ಅಂದೆ. ಸುಳ್ಳಲ್ಲ. ಮೂರನೇ ಸಲ ಅವರೂ ನಗಲಿಲ್ಲ. ಕಾರ್ಡ್ ಹಿಡಿದುಕೊಂಡು ನಡೆದೇ ಹೋಗೋಣ ಅಂದರೆ ಸೇತುವೆ ಮೇಲೆ ಕಾಲ್ನಡಿಗೆಗೆ ಬಿಡಲ್ಲ.

ಮಂದೂಬ್ ವಾಪಸ್ ಕಾಲ್ ಮಾಡುವಷ್ಟರಲ್ಲಿ ಮೊದಲ ಓಟಿಪಿ ಸತ್ತಿತ್ತು. ಇನ್ನೊಂದು ತರಿಸಿ, ಮತ್ತೆ ಸಾಲಿಗೆ ನಿಂತು, ಕಸ್ಟಮ್ಸ್‌ನಲ್ಲಿ ಡಿಕ್ಕಿ ತೆರೆದು ತೋರಿಸಿ, ಇನ್ಶೂರೆನ್ಸ್ ಕಟ್ಟಿ ಸಿತ್ರಾ ಸೇರಿದಾಗ ಒಂಬತ್ತೂವರೆ. ಸೂಪರ್‌ವೈಸರ್ ಪರ್ಮಿಟ್ ಎಳೆದು ಹಿಡಿದಿದ್ದರು. ಕಾರ್ಡ್ ಬದಲಿಸಿದ್ದು ಅರ್ಧ ಗಂಟೆಯ ಕೆಲಸ, ಪ್ಯಾರಾಮೀಟರ್ ಹೊಂದಿಸುವಾಗ ಬೆಳಗಾಯಿತು.

ಹೊರಗಿನ ಕೋಲ್ಡ್ ಸ್ಟೋರ್‌ನಲ್ಲಿ (ಚಿಕ್ಕ ದಿನಸಿ ಅಂಗಡಿ) ಕರಕ್ ಚಹಾ ಕುಡಿದು ಸೌದಿಯ 10 ರಿಯಾಲ್ ಕೊಟ್ಟೆ. ಒಂದು ಬಹ್ರೈನ್ ದಿನಾರ್ ಅಂತ ಹಿಡಿದು ಚಿಲ್ಲರೆಯನ್ನು ಅಲ್ಲಿನ ನಾಣ್ಯ ಫಿಲ್ಸ್‌ನಲ್ಲಿ ಕೊಟ್ಟರು, ಖೋಬರ್‌ನಲ್ಲಿ ಅದನ್ನು ಯಾರೂ ಮೂಸಲ್ಲ. ಟೂಲ್ ಬಾಕ್ಸ್ ಇಲ್ಲದೆ ಬಂದವರಿಗೆ ಅದೇ ಚಿಲ್ಲರೆ ಬಹ್ರೈನ್‌ನ ಕೆಂಪು ಸಿಟಿ ಬಸ್ಸಿಗೆ ಆಗುತ್ತೆ. ನನಗೆ ಆ ಭಾಗ್ಯ ಇಲ್ಲ.

ಮೊನ್ನೆ ಮತ್ತೆ ಗುರುವಾರದ ಜಾಬ್ ಶೀಟ್ ಬಂತು. ಬುಧವಾರವೇ ಹೋಗಿ ಮನಾಮದಲ್ಲಿ ಉಳಿಯುತ್ತೇನೆ, ಹೋಟೆಲ್ ಬಿಲ್ ನಿಮ್ಮದು, ತಫ್ವೀದ್ ಪ್ರಿಂಟ್ ಮಂಗಳವಾರ ನನ್ನ ಟೇಬಲ್ ಮೇಲಿರಲಿ ಅಂತ ಮೇಲ್ ಹಾಕಿದೆ. ಮ್ಯಾನೇಜರ್‌ನಿಂದ "ನೋಟೆಡ್" ಅಂತ ಬಂದಿದೆ.