ಎರಡನೇ ವಾರದ ಹೂವು

ದೇವರಾಜ ಮಾರುಕಟ್ಟೆಯಲ್ಲಿ ಹೂವಿನಮ್ಮ ಮೊಣಕೈಗೆ ಹಿಡಿದು ಎರಡು ಮೊಳ ಮಲ್ಲಿಗೆ ಅಳೆಯುತ್ತಿದ್ದಳು. ಆಗ ಫೋನಿಗೆ ಸಂದೇಶ ಬಂತು. ಮೇ ತಿಂಗಳ ಕೊನೆ, ಮಲ್ಲಿಗೆಯ ಸುಗ್ಗಿ. ಸಂದೇಶ ಬಂದದ್ದು ಅಮೆರಿಕದ ಜಾರ್ಜಿಯಾ ರಾಜ್ಯದ ಥಾಮಸ್‌ವಿಲ್‌ನಿಂದ. 'ಅಪ್ಪ ರಾತ್ರಿ ತೀರಿಕೊಂಡರು. ನಿಮಗೆ ತಿಳಿಸು ಅಂದರು ಅಮ್ಮ.' ಹೂವಿನಮ್ಮ ಪೊಟ್ಟಣ ಚಾಚಿದ್ದು ನನಗೆ ಕಾಣಲೇ ಇಲ್ಲ. 'ಯಾಕವ್ವ, ಏನಾಯ್ತು?' ಅಂದಳು. 'ಪಕ್ಕದ ಮನೆ ತಾತ ಹೋಗ್ಬಿಟ್ರು' ಅಂದೆ. ಆ ಪಕ್ಕದ ಮನೆ 14,000 ಕಿಲೋಮೀಟರಿಗೂ ಆಚೆ ಇದೆ ಎಂದು ಹೇಳಲು ಹೋಗಲಿಲ್ಲ.

ನಮ್ಮವರು ವೈದ್ಯರು. ವೀಸಾದ ಷರತ್ತಿನಂತೆ ವೈದ್ಯರ ಕೊರತೆ ಇರುವ ಗ್ರಾಮೀಣ ಭಾಗದಲ್ಲಿ ಮೂರು ವರ್ಷ ಕೆಲಸ ಮಾಡಬೇಕಿತ್ತು. ಹಾಗೆ ನಾವು ಹೋಗಿ ಸೇರಿದ್ದು ಜಾರ್ಜಿಯಾದ ನೈರುತ್ಯ ಮೂಲೆಗೆ. ಫ್ಲಾರಿಡಾದ ಗಡಿ ಅಲ್ಲಿಗೆ ಹತ್ತಿರ, ಟ್ಯಾಲಹಾಸಿ ನಗರ ಸುಮಾರು 35 ಮೈಲಿ. ಥಾಮಸ್‌ವಿಲ್‌ಗೆ 'ಗುಲಾಬಿಗಳ ಊರು' ಎಂಬ ಹೆಸರಿದೆ. 1920ರ ದಶಕದಿಂದ ಅಲ್ಲಿ ಗುಲಾಬಿ ಪ್ರದರ್ಶನ ನಡೆದುಬಂದಿದೆ, ಏಪ್ರಿಲ್‌ನಲ್ಲಿ ಊರಿಗೆ ಊರೇ ಹಬ್ಬದಲ್ಲಿರುತ್ತದೆ. ಇಟ್ಟಿಗೆ ಹಾಸಿದ ಬ್ರಾಡ್ ಸ್ಟ್ರೀಟ್, ಮುನ್ನೂರು ವರ್ಷ ದಾಟಿದ ದೊಡ್ಡ ಓಕ್ ಮರ, ಅದರ ನೆಲಕ್ಕೆ ಬಾಗಿದ ಕೊಂಬೆಗಳು, ಮಧ್ಯಾಹ್ನ ಮೂರಕ್ಕೆ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲದ ಮೌನ. ಗಂಡ ಆಸ್ಪತ್ರೆಗೆ ಹೋದ ಮೇಲೆ ಆ ಮೌನದ ಜೊತೆ ಇರಬೇಕಾದವಳು ನಾನು. ನನಗೆ ಅಲ್ಲಿ ಕೆಲಸ ಮಾಡುವ ಅನುಮತಿ ಇರಲಿಲ್ಲ, ಮೊದಮೊದಲು ಕಾರು ಓಡಿಸಲೂ ಬರುತ್ತಿರಲಿಲ್ಲ.

ಪಕ್ಕದ ಮನೆಯಲ್ಲಿ ಅಜ್ಜಿ, ತಾತ ಇಬ್ಬರೇ. ಆ ಕಡೆ ಹಿರಿಯ ಹೆಂಗಸರನ್ನು ಬರೀ ಹೆಸರು ಹಿಡಿದು ಕರೆಯುವುದಿಲ್ಲ, ಹೆಸರಿಗೆ ಮುಂಚೆ 'ಮಿಸ್' ಸೇರಿಸುತ್ತಾರೆ. ಮದುವೆಯಾಗಿ ಮೊಮ್ಮಕ್ಕಳನ್ನು ಕಂಡವರೂ 'ಮಿಸ್' ಎಂದೇ. ನಮ್ಮಲ್ಲಿ ಅಕ್ಕ, ಅಮ್ಮ ಎಂದು ಸೇರಿಸುವಂತೆಯೇ ಇದು ಎಂದು ತಿಳಿದ ದಿನದಿಂದ ನನಗೆ ಅವರನ್ನು ಕರೆಯುವುದು ಸಲೀಸಾಯಿತು. ಬಂದ ಮೂರನೇ ದಿನವೇ ಅವರು ಪೌಂಡ್ ಕೇಕ್ ತಂದುಕೊಟ್ಟರು. ತಟ್ಟೆ ಹಿಂದಿರುಗಿಸಲು ಚಿತ್ರಾನ್ನ ತುಂಬಿಕೊಂಡು ಹೋದೆ. ಬರಿ ತಟ್ಟೆ ವಾಪಸ್ ಕೊಡಬಾರದು ಎಂದು ನಮ್ಮಮ್ಮ ಕಲಿಸಿದ್ದಳು. ಅಲ್ಲಿಂದ ಆ ತಟ್ಟೆ ಮೂರು ವರ್ಷ ಎರಡು ಮನೆಗಳ ನಡುವೆ ಓಡಾಡುತ್ತಲೇ ಇತ್ತು.

ಅಲ್ಲಿಗೆ ಹೋದ ಮೊದಲ ವರ್ಷದ ಕೊನೆಯಲ್ಲಿ ನಮ್ಮಮ್ಮ ತೀರಿಕೊಂಡಳು. ಪಾಸ್‌ಪೋರ್ಟಿನಲ್ಲಿ ಹೊಸ ವೀಸಾದ ಮುದ್ರೆ ಇರಲಿಲ್ಲ. ಹೋದರೆ ಯಾವಾಗ ವಾಪಸಾಗುತ್ತೇನೋ ಹೇಳುವಂತಿರಲಿಲ್ಲ, ನಮ್ಮವರಿಗೆ ರಜೆಯೂ ಇರಲಿಲ್ಲ. ತಾಯಿಯ ಮುಖ ನೋಡಿದ್ದು ಫೋನಿನ ಪರದೆಯಲ್ಲಿ. ಮರುದಿನ ಬೆಳಗ್ಗೆ ಹೂವಿನಂಗಡಿಯ ವ್ಯಾನು ಮನೆ ಮುಂದೆ ನಿಂತಿತು. ಹುಡುಗನೊಬ್ಬ ದೊಡ್ಡ ಹಸಿರು ಗಿಡವಿದ್ದ ಕುಂಡ ಇಳಿಸಿದ. ಬಿಳಿಯ, ಸೌಟಿನಂಥ ಹೂಗಳು, ಕುಂಡಕ್ಕೆ ಬಿಳಿ ರಿಬ್ಬನ್ನು, ಕಡ್ಡಿಗೆ ಸಿಕ್ಕಿಸಿದ ಪುಟ್ಟ ಕಾರ್ಡು. ಪೀಸ್ ಲಿಲಿ ಎಂದು ಅದರ ಹೆಸರು. ಅಮೆರಿಕದಲ್ಲಿ ಸಾವಾದ ಮನೆಗೆ ಅದನ್ನು ಕಳಿಸುವುದು ವಾಡಿಕೆ. ನನಗೆ ಗೊತ್ತಿರಲಿಲ್ಲ. ಸೂತಕದ ಮನೆಯಲ್ಲಿ ಮುಡಿಯಲು ಹೂವಿಲ್ಲ, ದೇವರಿಗೂ ಹೂವಿಲ್ಲ, ಪಕ್ಕದ ಮನೆಯವರೇಕೆ ಹೂವು ಕಳಿಸಿದರು ಎಂದು ಮನಸ್ಸು ಕಸಿವಿಸಿಯಾಯಿತು. ಕುಂಡವನ್ನು ಒಳಗೆ ತರದೆ ವರಾಂಡದಲ್ಲೇ ಇಟ್ಟೆ. ಸಂಜೆ ಅಜ್ಜಿ ಬಂದಾಗ ಅದನ್ನು ನೋಡಿದರು, ಏನೂ ಕೇಳಲಿಲ್ಲ. ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ತಾವೇ ಗಿಡಕ್ಕೆ ಹಾಕಿದರು. ಆಮೇಲೆ ನನ್ನ ಪಕ್ಕದಲ್ಲಿ ಕತ್ತಲಾಗುವವರೆಗೆ ಕೂತಿದ್ದರು.

ಹದಿಮೂರು ದಿನ ಕಳೆದ ಮೇಲೆ ಗಿಡವನ್ನು ಒಳಗೆ ತಂದೆ. ಮೂರು ವರ್ಷದ ಗಡುವು ಮುಗಿದು ಮೈಸೂರಿಗೆ ಹೊರಡುವಾಗ ಅದು ಸೊಂಟದೆತ್ತರ ಬೆಳೆದಿತ್ತು. ಅಜ್ಜಿಯ ಕೈಗೇ ಒಪ್ಪಿಸಿ ಬಂದೆ.

ಆ ಅಜ್ಜಿಗೂ ಹೂವಿಗೂ ಇದ್ದ ನಂಟು ಹೇಳದೆ ಮುಂದೆ ಹೋಗಲಾರೆ. ಅವರ ಚರ್ಚಿನಲ್ಲಿ ಭಾನುವಾರದ ಪೂಜಾವೇದಿಕೆಯ ಹೂವನ್ನು ಯಾರಾದರೂ ತಮ್ಮವರ ನೆನಪಿಗೆ ಕೊಡುತ್ತಾರೆ. ಪ್ರಾರ್ಥನೆ ಮುಗಿದ ಮೇಲೆ ಆ ಎರಡು ದೊಡ್ಡ ಗುಚ್ಛಗಳನ್ನು ಅಜ್ಜಿ ಬಿಚ್ಚುತ್ತಿದ್ದರು. ಜಾಮಿನ ಬಾಟಲಿ, ಉಪ್ಪಿನಕಾಯಿ ಬಾಟಲಿ ತೊಳೆದು ಇಟ್ಟುಕೊಂಡಿರುತ್ತಿದ್ದರು. ಒಂದೊಂದರಲ್ಲಿ ಐದಾರು ಕಡ್ಡಿ ಹೂವು, ಒಂದಿಷ್ಟು ಹಸಿರೆಲೆ. ಮನೆ ಬಿಟ್ಟು ಹೊರಗೆ ಬರಲಾಗದ ಮುದುಕರು, ಆಪರೇಷನ್ ಆಗಿ ಮಲಗಿದವರು, ಹೆರಿಗೆಯಾದವರು, ಇವರಿಗೆಲ್ಲ ಅವನ್ನು ಹಂಚಲು ಮಧ್ಯಾಹ್ನ ಕಾರು ಹೊರಡುತ್ತಿತ್ತು. ಬಾಟಲಿಗಳು ಉರುಳದಂತೆ ಹಿಡಿದುಕೊಳ್ಳುವ ಕೆಲಸ ನನ್ನದು. ಮೊದಲ ಸಲ ಹೋದಾಗ, 'ಇದು ನಮ್ಮಲ್ಲೂ ಇದೆ, ದೇವರಿಗೆ ಏರಿಸಿದ ಹೂವನ್ನು ಪ್ರಸಾದ ಅಂತ ಕೊಡ್ತಾರೆ' ಎಂದೆ. 'ಪ್ರಸಾದ' ಎಂದು ಎರಡು ಸಲ ಹೇಳಿ ನೋಡಿದರು. ಅಲ್ಲಿಂದ ಬಾಟಲಿಗಳನ್ನು ಕಾರಿಗೆ ಹತ್ತಿಸುವಾಗಲೆಲ್ಲ ಆ ಪದವನ್ನೇ ಬಳಸುತ್ತಿದ್ದರು. ಅವರ ನಾಲಿಗೆಯಲ್ಲಿ ಅದು 'ಪ್ರಸಾಡ್' ಆಗುತ್ತಿತ್ತು. ನನಗೆ ಅದನ್ನು ತಿದ್ದಬೇಕು ಎನಿಸಲೇ ಇಲ್ಲ.

ಅವರ ವರಾಂಡದ ಕಂಬಕ್ಕೆ ಒಂದು ಬಳ್ಳಿ ಹಬ್ಬಿತ್ತು. ಏಪ್ರಿಲ್‌ನಲ್ಲಿ ಚಕ್ರದಂಥ ಸಣ್ಣ ಬಿಳಿ ಹೂವು. ಜಾಸ್ಮಿನ್ ಎಂದೇ ಅದನ್ನು ಕರೆಯುತ್ತಾರೆ, ಆದರೆ ಮಲ್ಲಿಗೆಯ ಜಾತಿಯದಲ್ಲ, ಕಿತ್ತರೆ ಹಾಲು ಸುರಿಯುತ್ತದೆ. ಪರಿಮಳ ಮಾತ್ರ ಕಣ್ಣು ಮುಚ್ಚಿದರೆ ಮೈಸೂರೇ. ಒಂದು ದಿನ ಹೊಲಿಗೆಯ ದಾರ ತೆಗೆದುಕೊಂಡು ಅವನ್ನು ಕಟ್ಟುತ್ತ ಕೂತೆ, ಬೆರಳೆಲ್ಲ ಅಂಟಂಟಾಯಿತು. ಅಜ್ಜಿ ಹತ್ತಿರ ಕುರ್ಚಿ ಎಳೆದುಕೊಂಡು ಗಂಟು ಹಾಕುವುದನ್ನು ಕಲಿಸು ಎಂದರು. ಅವರ ಮೊದಲ ಮಾಲೆ ಒಂದು ಗೇಣಿತ್ತು. ಅದನ್ನು ಕಾರಿನ ಕನ್ನಡಿಗೆ ತೂಗುಹಾಕಿದರು.

ತಾತ ಹೋದ ಸುದ್ದಿ ಬಂದ ದಿನ ಮನೆಗೆ ಬಂದವಳೇ ಕಂಪ್ಯೂಟರಿನ ಮುಂದೆ ಕೂತೆ. ಶನಿವಾರ ಚರ್ಚಿನಲ್ಲಿ ಅಂತಿಮ ಪ್ರಾರ್ಥನೆ ಎಂದು ತಿಳಿದಿತ್ತು, ಅಷ್ಟರೊಳಗೆ ಹೂವು ತಲುಪಬೇಕು. ಒಂದು ಜಾಲತಾಣದಲ್ಲಿ ಬಿಳಿ ಗುಲಾಬಿ, ಲಿಲಿಗಳ ಗುಚ್ಛ ಆರಿಸಿ, ಚರ್ಚಿನ ವಿಳಾಸ ತುಂಬಿ ದುಡ್ಡು ಕಟ್ಟಿದೆ. ಅದೇ ದಿನ ತಲುಪಿಸುತ್ತೇವೆ ಎಂದು ದೊಡ್ಡದಾಗಿ ಬರೆದಿತ್ತು. ಶನಿವಾರ ಕಳೆಯಿತು. ಸೋಮವಾರ 'ತಲುಪಿಸಲಾಗಿದೆ' ಎಂಬ ಮಿಂಚಂಚೆ ಬಂತು. ಅಜ್ಜಿಯ ಮಗಳನ್ನು ಕೇಳಿದೆ. ಆಕೆ ಹೇಳಲು ಹಿಂಜರಿದಳು, ನಾನು ಬಿಡಲಿಲ್ಲ. ಹೂವು ಬಂದದ್ದು ಸೋಮವಾರ, ಕೊರಿಯರ್‌ನ ಉದ್ದನೆಯ ರಟ್ಟಿನ ಡಬ್ಬಿಯಲ್ಲಿ, ಅದೂ ಮನೆಗೆ. ಎಲ್ಲರೂ ಹೊರಗೆ ಹೋಗಿದ್ದರು. ಸಂಜೆವರೆಗೆ ಡಬ್ಬಿ ವರಾಂಡದ ಬಿಸಿಲಲ್ಲೇ ಇತ್ತು. ತೆಗೆದಾಗ ಗುಲಾಬಿಗಳು ಕತ್ತು ಬಿದ್ದು ಅಂಚು ಕಂದಾಗಿದ್ದವು. 'ಆದರೂ ಅಮ್ಮ ನೀರಿಗೆ ಹಾಕಿದ್ದಾರೆ' ಎಂದಳು.

ಆ ರಾತ್ರಿ ನಿದ್ದೆ ಬರಲಿಲ್ಲ. ಅಮ್ಮ ಹೋದ ಮರುದಿನವೇ ನಮ್ಮ ಬಾಗಿಲಿಗೆ ಗಿಡ ಕಳಿಸಿದ ಮನೆಗೆ ನಾನು ಕಳಿಸಿದ್ದು ಬಾಡಿದ ಹೂವು.

ಬೆಳಗ್ಗೆ ಅಡುಗೆ ಬರೆದುಕೊಳ್ಳುವ ನನ್ನ ಹಳೇ ಪುಸ್ತಕ ತೆಗೆದೆ. ಪೀಸ್ ಲಿಲಿಯ ಜೊತೆ ಬಂದಿದ್ದ ಪುಟ್ಟ ಕಾರ್ಡು ಅದರೊಳಗೇ ಇತ್ತು, ಲಕೋಟೆಯ ಹಿಂದೆ ಅಂಗಡಿಯ ಫೋನ್ ನಂಬರು. ಅಲ್ಲಿ ಒಂಬತ್ತಕ್ಕೆ ಅಂಗಡಿ ತೆರೆದರೆ ನಮಗೆ ಸಂಜೆ ಆರೂವರೆ, ದೀಪ ಹಚ್ಚುವ ಹೊತ್ತು. ದೀಪ ಹಚ್ಚಿ ಫೋನ್ ಮಾಡಿದೆ.

'ಗುಡ್ ಮಾರ್ನಿಂಗ್' ಎಂದ ಆ ದನಿಯನ್ನು ಎಷ್ಟೋ ವರ್ಷದ ಮೇಲೆ ಕೇಳಿದೆ. ಆ ಸೀಮೆಯವರು ಮಾತನ್ನು ಎಳೆದು, ಪ್ರತಿ ಪದಕ್ಕೂ ಸ್ವಲ್ಪ ನೆರಳು ಕೊಟ್ಟು ಆಡುತ್ತಾರೆ. ಯಾರಿಗೆ ಕಳಿಸಬೇಕು ಎಂದು ಹೇಳುತ್ತಿದ್ದಂತೆ ಆ ಕಡೆಯಿಂದ, 'ಹನಿ, ನೀವು ಪಕ್ಕದ ಮನೆಯಲ್ಲಿದ್ದ ಡಾಕ್ಟರ ಹೆಂಡತಿ ಅಲ್ಲವೇ? ನಿಮ್ಮ ತಾಯಿ ಹೋದಾಗ ಗಿಡ ಕಟ್ಟಿಕೊಟ್ಟವಳು ನಾನೇ.' ಕೆಲಹೊತ್ತು ನನಗೆ ಮಾತೇ ಹೊರಡಲಿಲ್ಲ. 'ಯೆಸ್, ಮ್ಯಾಮ್' ಎಂದಷ್ಟೇ ಹೇಳಿದೆ.

ರಟ್ಟಿನ ಡಬ್ಬಿಯ ಕಥೆ ಹೇಳಿದೆ. ಆಕೆ ಯಾರನ್ನೂ ಬಯ್ಯಲಿಲ್ಲ, ವ್ಯವಹಾರ ಹೇಗೆ ನಡೆಯುತ್ತದೆಂದು ತಿಳಿಸಿದರು. ಊರಿಂದೂರಿಗೆ ಹೂವು 'ಕಳಿಸುವುದು' ಎಂದರೆ ಹಿಂದೆ ಹೂವು ಪ್ರಯಾಣ ಮಾಡುತ್ತಿರಲಿಲ್ಲ, ಸುದ್ದಿ ಮಾತ್ರ ಪ್ರಯಾಣ ಮಾಡುತ್ತಿತ್ತು. 1910ರಲ್ಲಿ ಅಮೆರಿಕದ ಕೆಲವು ಹೂವಿನ ವ್ಯಾಪಾರಿಗಳು ಸೇರಿ, ಒಂದೂರಿನ ಅಂಗಡಿಯವರು ಇನ್ನೊಂದೂರಿನ ಅಂಗಡಿಗೆ ತಂತಿ ಹೊಡೆಯುವುದು, ಅಲ್ಲಿಯವರು ತಮ್ಮ ಕೈಯಾರೆ ಗುಚ್ಛ ಕಟ್ಟಿ ಮುಟ್ಟಿಸುವುದು ಎಂದು ಒಪ್ಪಂದ ಮಾಡಿಕೊಂಡರು. ಕಾಲಿಗೆ ರೆಕ್ಕೆ ಕಟ್ಟಿಕೊಂಡು ಹೂವು ಹಿಡಿದು ಓಡುವ ದೇವತೆಯ ಚಿತ್ರ ಆಕೆಯ ಅಂಗಡಿಯ ಗಾಜಿಗೂ ಅಂಟಿಸಿತ್ತು, ನನಗೆ ನೆನಪಿದೆ. ಈಗ ಕೆಲವು ಜಾಲತಾಣಗಳು ಆರ್ಡರು ಹಿಡಿದು ತಮ್ಮ ಪಾಲು ಮುರಿದುಕೊಂಡು ಉಳಿದದ್ದನ್ನು ಊರಿನ ಅಂಗಡಿಗೆ ದಾಟಿಸುತ್ತವೆ. ಇನ್ನು ಕೆಲವು ಅದನ್ನೂ ಮಾಡದೆ ನೇರ ಗೋದಾಮಿನಿಂದ ಡಬ್ಬಿಯಲ್ಲಿ ಹಾಕಿ ಕೊರಿಯರಿಗೆ ಕೊಡುತ್ತವೆ. 'ಗುಲಾಬಿಗಳ ಊರಿನಲ್ಲಿ ಕೂತು ನಾನು ಮಾರುವ ಗುಲಾಬಿಯೂ ಕೊಲಂಬಿಯಾದ್ದೇ' ಎಂದರು. ಅಮೆರಿಕ ಆಮದು ಮಾಡಿಕೊಳ್ಳುವ ಹೂವಿನಲ್ಲಿ ನೂರಕ್ಕೆ ಸುಮಾರು 90ರಷ್ಟು ಮಯಾಮಿ ವಿಮಾನ ನಿಲ್ದಾಣದಲ್ಲಿ ಇಳಿಯುತ್ತದೆ. ಅಲ್ಲಿಂದ ತಂಪು ಲಾರಿಯಲ್ಲಿ ಬಂದ ಮೇಲೂ ಕಡ್ಡಿಯ ತುದಿ ಕತ್ತರಿಸಿ, ಬಕೆಟ್ಟಿನಲ್ಲಿ ಗಂಟೆಗಟ್ಟಲೆ ನೀರು ಕುಡಿಸಿ, ಆಮೇಲೇ ಕಟ್ಟಬೇಕು. ಡಬ್ಬಿಯಲ್ಲಿ ಬಂದ ಹೂವಿಗೆ ಆ ಬಾಣಂತನ ಮಾಡುವವರು ಯಾರು?

'ಇವತ್ತೇ ಕಳಿಸಿಬಿಡಿ' ಎಂದೆ. ಆಕೆ ಸುಮ್ಮನಾದರು. ಆಮೇಲೆ ನಿಧಾನವಾಗಿ, 'ಈ ವಾರ ಬೇಡ' ಎಂದರು. 'ಆ ಮನೆಯಲ್ಲಿ ಈಗ ಕಾಲಿಡಲು ಜಾಗವಿಲ್ಲ. ಶನಿವಾರ ನಾನೇ ಹೂವಿನ ಸ್ಟ್ಯಾಂಡುಗಳನ್ನು ಚರ್ಚಿಗೆ ಒಯ್ದೆ. ಅಡುಗೆಮನೆ ತುಂಬ ಊರವರು ತಂದಿಟ್ಟ ಕ್ಯಾಸರೋಲ್ ಪಾತ್ರೆಗಳು. ಮಗಳು ಇದ್ದಾಳೆ, ಮೊಮ್ಮಕ್ಕಳಿದ್ದಾರೆ. ಮುಂದಿನ ಭಾನುವಾರ ಎಲ್ಲರೂ ಹೊರಡುತ್ತಾರೆ. ಪಾತ್ರೆಗಳೆಲ್ಲ ಅವರವರ ಮನೆಗೆ ವಾಪಸ್ ಹೋಗುತ್ತವೆ. ಅದರ ಮರುದಿನ ಕಳಿಸೋಣ.'

ಸಾವಾದ ಮನೆಗೆ ಊರವರು ಅಡುಗೆ ಮಾಡಿ ತುಂಬಿ ತರುವ ಆ ಪಾತ್ರೆಗಳನ್ನು ನಾನು ಬಲ್ಲೆ. ತಳಕ್ಕೆ ಕಾಗದದ ಟೇಪು ಅಂಟಿಸಿ ಮನೆಯವರ ಹೆಸರು ಬರೆದಿರುತ್ತಾರೆ. ನನ್ನ ತಾಯಿ ಹೋದಾಗ ನಮ್ಮ ಅಡುಗೆಮನೆಗೂ ಬಂದಿದ್ದವು. ನಾವು ಮಾಂಸ ತಿನ್ನುವುದಿಲ್ಲವೆಂದು ಅಜ್ಜಿ ಮನೆಮನೆಗೆ ಹೇಳಿಬಂದಿದ್ದರಿಂದ ಎಲ್ಲವೂ ಕುಂಬಳ, ಜೋಳ, ಅಕ್ಕಿಯವೇ.

ಅಪ್ಪನ ನೆನಪಾಯಿತು. ಅಮ್ಮನ ವೈಕುಂಠ ಸಮಾರಾಧನೆ ಮುಗಿದು, ಚಿಕ್ಕಪ್ಪ, ಸೋದರತ್ತೆಯರು ಊರಿಗೆ ಹೊರಟ ಮರುದಿನ ಫೋನಿನಲ್ಲಿ ಅಪ್ಪ ಹೇಳಿದ್ದರು, 'ಇವತ್ತು ಯಾರೂ ಇಲ್ಲ ಕಣಮ್ಮ. ಕಾಫಿ ನಾನೇ ಮಾಡ್ಕೊಂಡೆ.' ಹದಿನಾಲ್ಕನೇ ದಿನ ಅದು. ಆ ದಿನ ಅಪ್ಪನ ಬಾಗಿಲು ಯಾರಾದರೂ ತಟ್ಟಿದ್ದರೆ ಎಂದು ಇವತ್ತಿಗೂ ಅನಿಸುತ್ತದೆ. ಅವಧಿ ಮುಗಿದ ಕೂಡಲೇ ನಾವು ಮೈಸೂರಿಗೆ ಮರಳಿದ್ದಕ್ಕೆ ಆ ಒಂದು ಲೋಟ ಕಾಫಿಯೇ ಕಾರಣ.

'ಸರಿ ಮ್ಯಾಮ್, ನೀವು ಹೇಳಿದಂತೆ' ಎಂದೆ.

ಯಾವ ಹೂವು ಎಂದಾಗ ಮಲ್ಲಿಗೆ ಸಿಗುವುದೇ ಎಂದು ಕೇಳಿದೆ. ಇಲ್ಲ, ವರಾಂಡದ ಬಳ್ಳಿಯ ಹೂವೂ ಮುಗಿದಿದೆ ಎಂದರು. ನಮ್ಮಲ್ಲಿ ಹೂವನ್ನು ಕಡ್ಡಿ ಲೆಕ್ಕದಲ್ಲಿ ಅಲ್ಲ, ಕೈ ಅಳತೆಯಲ್ಲಿ ಕೊಡುತ್ತಾರೆ, ಮೊಣಕೈಯಿಂದ ಬೆರಳ ತುದಿಗೆ ಒಂದು ಮೊಳ ಎಂದು ಯಾಕೋ ಹೇಳಿಬಿಟ್ಟೆ. ಆಕೆ ಫೋನು ಕಿವಿಗೆ ಒತ್ತಿಕೊಂಡೇ ತಮ್ಮ ಕೈ ಅಳೆದು ನೋಡಿದರೆಂದು ಕಾಣುತ್ತದೆ. 'ನಮ್ಮ ಹಿತ್ತಿಲಲ್ಲಿ ಗಾರ್ಡೇನಿಯಾ ಬಿಡುತ್ತಿದೆ. ಅಂಗಡಿಯಲ್ಲಿ ಮಾರುವುದಲ್ಲ, ಬೆರಳು ತಾಗಿದರೆ ಕಂದಾಗುತ್ತದೆ. ಕೈ ಒದ್ದೆ ಮಾಡಿಕೊಂಡು ಕೀಳಬೇಕು. ನಿಮಗೆ ಬೇಕಾದ ಪರಿಮಳ ಅದರಲ್ಲಿದೆ' ಎಂದರು. ಗಾರ್ಡೇನಿಯಾ ಚೀನಾ ಕಡೆಯ ಗಿಡ, ಹೆಸರು ಬಂದದ್ದು ಹದಿನೆಂಟನೇ ಶತಮಾನದಲ್ಲಿ ಚಾರ್ಲ್ಸ್‌ಟನ್‌ನಲ್ಲಿದ್ದ ಅಲೆಗ್ಸಾಂಡರ್ ಗಾರ್ಡನ್ ಎಂಬ ವೈದ್ಯರಿಂದ. ಇದನ್ನು ನನಗೆ ಹೇಳಿದ್ದವರು ತಾತ. ನಮ್ಮವರನ್ನು ನೋಡಿ ನಗುತ್ತ, 'ಡಾಕ್ಟರೇ, ನಿಮ್ಮವರೊಬ್ಬರ ಹೆಸರು ಹೂವಿಗಿದೆ' ಎಂದಿದ್ದರು.

ನನ್ನ ಬ್ಯಾಂಕ್ ಕಾರ್ಡು ಎರಡು ಸಲ ಒಪ್ಪಲಿಲ್ಲ. 'ಹೂವು ಮೊದಲು ಹೋಗಲಿ, ದುಡ್ಡು ನಿಧಾನಕ್ಕೆ ಬರುತ್ತದೆ' ಎಂದರು. ಅಟ್ಲಾಂಟಾದಲ್ಲಿರುವ ನನ್ನ ತಮ್ಮ ಮರುದಿನ ದುಡ್ಡು ಕಟ್ಟಿದ. ಕಾರ್ಡಿನಲ್ಲಿ ಏನು ಬರೆಯಲಿ ಎಂದು ಕೇಳಿದರು. 'ಪಕ್ಕದ ಮನೆಯ ಮಗಳಿಂದ' ಎಂದೆ. ಹೆಸರು ಬೇಡವೇ ಎಂದರು. ಬೇಡ ಎಂದೆ. ಆಕೆ ಬರೆದುಕೊಂಡು ನನಗೆ ಓದಿ ಹೇಳಿದರು.

ಗೊತ್ತುಮಾಡಿದ ಸೋಮವಾರದ ಮಾರನೆಯ ದಿನ, ರಾತ್ರಿ ಎಂಟರ ಸುಮಾರಿಗೆ ಅಜ್ಜಿಯೇ ಫೋನ್ ಮಾಡಿದರು. ವ್ಯಾನಿನ ಹುಡುಗ ಅಲ್ಲ, ಅಂಗಡಿಯಾಕೆಯೇ ಬಂದಿದ್ದರಂತೆ. ಒಂದು ಗಂಟೆ ಕೂತು ಕಾಫಿ ಕುಡಿದು ಹೋದರಂತೆ. ಪೀಸ್ ಲಿಲಿ ಚೆನ್ನಾಗಿದೆ, ಎರಡು ಕುಂಡಕ್ಕೆ ಬೇರೆ ಮಾಡಿದ್ದೇನೆ ಎಂದರು. ತಾತನ ಕೊನೆಯ ದಿನಗಳ ಬಗ್ಗೆ ಹೇಳಿದರು, ಅತ್ತರು, ನಾನೂ ಅತ್ತೆ. ಗಾರ್ಡೇನಿಯಾ ಎಲ್ಲಿಟ್ಟಿದ್ದೀರಿ ಎಂದು ಕೇಳಿದೆ.

'ಅದು ಎರಡು ದಿನಕ್ಕಿಂತ ಬಾಳುವುದಿಲ್ಲ, ನಿನಗೆ ಗೊತ್ತಲ್ಲ' ಎಂದರು. 'ಬೆಳಗ್ಗೆಯೇ ಬಾಟಲಿಗೆ ಹಾಕಿದೆ. ಮೂರು ಆಯಿತು. ಒಂದು ಅವರ ಸಮಾಧಿಗೆ. ಒಂದು ನನ್ನ ಮಂಚದ ಪಕ್ಕ. ಇನ್ನೊಂದನ್ನು ನೀವಿದ್ದ ಮನೆಯ ಹುಡುಗಿಗೆ ಕೊಟ್ಟುಬಂದೆ. ಹೊಸದಾಗಿ ಬಂದಿದ್ದಾಳೆ, ದೂರದವಳು, ಇಡೀ ದಿನ ಒಬ್ಬಳೇ ಇರುತ್ತಾಳೆ. ಇದು ಪ್ರಸಾಡ್ ಅಂತ ಹೇಳಿಕೊಟ್ಟೆ.'