ಮೊದಲ ಚೆಂಡು ಕೈಜಾರಿದ ಭಾನುವಾರ

2022ರ ಸೆಪ್ಟೆಂಬರ್ 11, ಅಮೆರಿಕನ್ ಫುಟ್‌ಬಾಲ್ ಸೀಸನ್ನಿನ ಮೊದಲ ಭಾನುವಾರ. ಮಿನಿಯಾಪೊಲಿಸ್‌ನ ಯು.ಎಸ್. ಬ್ಯಾಂಕ್ ಸ್ಟೇಡಿಯಂನಲ್ಲಿ ಗ್ರೀನ್ ಬೇ ಪ್ಯಾಕರ್ಸ್ ಮತ್ತು ಮಿನೆಸೋಟ ವೈಕಿಂಗ್ಸ್ ಪಂದ್ಯ. ಪಕ್ಕದ ರಾಜ್ಯ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ, ಒಂದು ಮನೆಯ ಬೇಸ್‌ಮೆಂಟ್‌ನಲ್ಲಿ ಟಿವಿ ಮುಂದೆ ಏಳೆಂಟು ಜನ, ಬಹುಪಾಲು ಕನ್ನಡದವರು. ಎಲ್ಲರೂ ಪ್ಯಾಕರ್ಸ್ ಕಡೆಯವರೇ.

ಪ್ಯಾಕರ್ಸ್ ಸರದಿಯ ಮೊದಲ ಪ್ಲೇ, ಅಂದರೆ ಚೆಂಡು ಮುಂದೊಯ್ಯುವ ಮೊದಲ ಯತ್ನ. ಚೆಂಡು ತಮ್ಮದೇ 25 ಯಾರ್ಡ್ ಗೆರೆಯ ಮೇಲೆ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್ ಹಿಂದೆ ಸರಿದು ಎತ್ತರಕ್ಕೆ, ದೂರಕ್ಕೆ ಎಸೆದರು. ಅಷ್ಟರಲ್ಲಿ ಕ್ರಿಶ್ಚಿಯನ್ ವಾಟ್ಸನ್ ಎಂಬ 23ರ ರಿಸೀವರ್ (ಎಸೆದ ಚೆಂಡು ಹಿಡಿಯುವ ಆಟಗಾರ) ಕಾವಲಿಗಿದ್ದ ಪ್ಯಾಟ್ರಿಕ್ ಪೀಟರ್ಸನ್‌ರನ್ನು ದಾಟಿ ಆಗಿತ್ತು. ಮುಂದೆ ಯಾರೂ ಇಲ್ಲ. ಚೆಂಡು ಓಟದ ಲಯಕ್ಕೇ ಬಂದು ಎರಡೂ ಕೈಗೆ ಬಿತ್ತು, ಕೈಯಲ್ಲಿ ನಿಲ್ಲಲಿಲ್ಲ. ಹಿಡಿದು ಕೊನೆಯ ಗೆರೆ ದಾಟಿದ್ದರೆ 75 ಯಾರ್ಡಿನ ಟಚ್‌ಡೌನ್, ಅದೂ ವೃತ್ತಿಪರ ಲೀಗ್ ಎನ್ಎಫ್ಎಲ್‌ನಲ್ಲಿ ಅವನ ಬದುಕಿನ ಮೊಟ್ಟಮೊದಲ ಪ್ಲೇಯಲ್ಲಿ.

ಬೇಸ್‌ಮೆಂಟ್‌ನಲ್ಲಿ ಎರಡು ಪಕ್ಷ ಹುಟ್ಟಲು ಹತ್ತು ಸೆಕೆಂಡೂ ಬೇಕಾಗಲಿಲ್ಲ.

"ಇವನಿಗೋಸ್ಕರ ಎರಡು ಪಿಕ್ ಕೊಟ್ರಲ್ಲ ಮಾರಾಯ!" ಅಂದರು ಶಿವಮೊಗ್ಗ ಕಡೆಯ ಹಿರಿಯರೊಬ್ಬರು. ಸೋಫಾದ ತುದಿಯಲ್ಲಿದ್ದ ಕಿರಿಯ ಬಿಡಲಿಲ್ಲ: "ಅಣ್ಣಾ, ಹಿಡೀಲಿಲ್ಲ ಅನ್ನೋದು ಸರಿ. ಆದ್ರೆ ಪೀಟರ್ಸನ್‌ನ ಅಷ್ಟು ಹಿಂದೆ ಹಾಕಿದ್ದು ನೋಡಿದ್ರಾ?"

ಆ ಮಧ್ಯಾಹ್ನದ ಜಗಳವೆಲ್ಲ ಈ ಎರಡು ಮಾತಿನ ನಡುವೆಯೇ ನಡೆಯಿತು. ಎಳೆಯ ರಿಸೀವರ್‌ನಿಂದ ಏನನ್ನು ನಿರೀಕ್ಷಿಸಬೇಕು ಎಂಬ ಪ್ರಶ್ನೆಯೂ ಅಲ್ಲಿಯೇ ಇದೆ. ಕಿರಿಯನ ಮಾತಿನಲ್ಲಿ ಹೆಚ್ಚು ಹುರುಳಿದೆ ಎಂಬುದು ನನ್ನ ತೀರ್ಮಾನ.

ಹಿರಿಯರ ಸಿಟ್ಟಿಗೂ ಕಾರಣ ಇತ್ತು. ಆ ಮಾರ್ಚ್‌ನಲ್ಲಿ ಪ್ಯಾಕರ್ಸ್ ತಮ್ಮ ಬಹುದೊಡ್ಡ ರಿಸೀವರ್ ದವಾಂತೆ ಆಡಮ್ಸ್‌ರನ್ನು ಲಾಸ್ ವೇಗಸ್ ರೈಡರ್ಸ್‌ಗೆ ಬಿಟ್ಟುಕೊಟ್ಟಿದ್ದರು. 2021ರಲ್ಲಿ ಆಡಮ್ಸ್ ಹಿಡಿದದ್ದು 123 ಕ್ಯಾಚ್, 1,553 ಯಾರ್ಡ್. ಬದಲಿಗೆ ಬಂದದ್ದು ಡ್ರಾಫ್ಟ್‌ನ, ಅಂದರೆ ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಯ, 22ನೇ ಮತ್ತು 53ನೇ ಸರದಿ (ಪಿಕ್). ಆ 53ನೇ ಸರದಿಗೆ ತಮ್ಮದೇ 59ನೆಯದನ್ನು ಸೇರಿಸಿ ಕೊಟ್ಟು, 34ನೇ ಸರದಿಗೆ ಹತ್ತಿ ವಾಟ್ಸನ್‌ನನ್ನು ತಂದರು. ಕೊಟ್ಟದ್ದು ಬೇರಾರಿಗೂ ಅಲ್ಲ, ಇದೇ ವೈಕಿಂಗ್ಸ್‌ಗೆ. 2014ರಲ್ಲಿ ಆಡಮ್ಸ್‌ರನ್ನು ಆರಿಸಿದ್ದೂ 53ನೇ ಸರದಿಯಲ್ಲೇ. ಹಾಗಾಗಿ ಅಭಿಮಾನಿಗಳ ಲೆಕ್ಕದಲ್ಲಿ ಹುಡುಗ ಆಡಮ್ಸ್‌ನ ಕುರ್ಚಿಯಲ್ಲಿ ಕೂತಾಗಿತ್ತು.

ಮೊದಲ ತಪ್ಪು ಅಲ್ಲೇ. ಆಡಮ್ಸ್ ಫ್ರೆಸ್ನೊ ಸ್ಟೇಟ್‌ನಲ್ಲಿ 2013ರ ಒಂದೇ ವರ್ಷ 131 ಕ್ಯಾಚ್ ಹಿಡಿದು ಬಂದವರು. ವಾಟ್ಸನ್ ಆಡಿದ್ದು ನಾರ್ತ್ ಡಕೋಟ ಸ್ಟೇಟ್‌ನಲ್ಲಿ. ಕಾಲೇಜು ಫುಟ್‌ಬಾಲಿನ ಎರಡನೇ ಹಂತ, ಎಸೆಯುವುದಕ್ಕಿಂತ ಚೆಂಡು ಹೊತ್ತು ಓಡಿ ಗೆಲ್ಲುವುದೇ ಹೆಚ್ಚಾಗಿರುವ ತಂಡ. ಇಡೀ ಕಾಲೇಜು ಬದುಕಿನಲ್ಲಿ ಅವನ ಕ್ಯಾಚ್ 105. ಕ್ಯಾಚಿಗೆ 20 ಯಾರ್ಡಿಗೂ ಮೀರಿದ ಸರಾಸರಿ ಬೇರೆ ಮಾತು. ಆರು ಅಡಿ ನಾಲ್ಕು ಇಂಚು ಎತ್ತರ, 208 ಪೌಂಡ್ ತೂಕ, 40 ಯಾರ್ಡ್ ಓಟ 4.36 ಸೆಕೆಂಡ್. ಕಾಲು ಎನ್ಎಫ್ಎಲ್ ಮಟ್ಟದ್ದು. ಕೈಗೆ ಮಾತ್ರ ಅಷ್ಟು ಚೆಂಡು ಬಿದ್ದೇ ಇರಲಿಲ್ಲ. ಮೇಲಾಗಿ ಬೇಸಿಗೆಯಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ತರಬೇತಿ ಶಿಬಿರದ ದೊಡ್ಡ ಪಾಲು ತಪ್ಪಿಹೋಗಿತ್ತು. ರಾಜರ್ಸ್ ಜೊತೆ ನಿಜವಾದ ಅಭ್ಯಾಸವಾಗಿದ್ದೇ ಕಡಿಮೆ.

ಭುಜದ ಮೇಲಿಂದ ಇಳಿಯುವ ಚೆಂಡನ್ನು ಹಿಡಿಯುವುದು ಎಷ್ಟು ಕಷ್ಟ ಎಂದು ಕ್ರಿಕೆಟ್ ನೋಡಿದವರಿಗೆ ವಿವರಿಸಬೇಕಿಲ್ಲ. ಮಿಡ್-ಆನ್‌ನಿಂದ ಬೌಂಡರಿ ಕಡೆಗೆ ಬೆನ್ನು ಹಾಕಿ ಓಡುತ್ತಾ, ತಲೆಯ ಮೇಲಿಂದ ಬರುವ ಚೆಂಡಿಗೆ ಕೈ ಚಾಚುವ ಫೀಲ್ಡರ್‌ನನ್ನು ನೆನೆಸಿಕೊಳ್ಳಿ. ಇಲ್ಲಿ ಚೆಂಡು ದುಂಡಗಿಲ್ಲ. ಸುಮಾರು 11 ಇಂಚು ಉದ್ದ, 400 ಗ್ರಾಂ ಆಸುಪಾಸು ತೂಕ, ಮೂತಿ ಕೆಳಗಾಗಿ ಗಿರಗಿರನೆ ತಿರುಗುತ್ತಾ ಇಳಿಯುತ್ತದೆ. ಕಾಲೇಜಿನ ಚೆಂಡಿನ ತುದಿಗಳಲ್ಲಿ ಬಿಳಿ ಪಟ್ಟಿ ಇರುತ್ತದೆ, ಎನ್ಎಫ್ಎಲ್ ಚೆಂಡಿಗೆ ಅದಿಲ್ಲ. ಕಣ್ಣಿಗೆ ಸಿಗುತ್ತಿದ್ದ ಒಂದು ಗುರುತು ಹೋಯಿತು.

ಹಿಡಿಯುವ ಕ್ರಮ ಹೀಗೆ. ಚೆಂಡು ತಲೆ ದಾಟುವವರೆಗೂ ಕೈ ಓಡುವವನ ಕೈಯಂತೆಯೇ ಆಡುತ್ತಿರಬೇಕು. ಮೊದಲೇ ಕೈ ಚಾಚಿದರೆ ಎರಡು ನಷ್ಟ: ಓಟ ಕುಂದುತ್ತದೆ, ಹಿಂದಿರುವ ಕಾವಲುಗಾರನಿಗೆ ಚೆಂಡು ಬಂತೆಂಬ ಸುಳಿವು ಸಿಗುತ್ತದೆ. ಕೊನೇ ಗಳಿಗೆಯಲ್ಲಿ ಎರಡೂ ಕಿರುಬೆರಳು ಒಂದಕ್ಕೊಂದು ತಾಗುವಂತೆ ಅಂಗೈ ಮೇಲೆ ಮಾಡಿ, ಮಗುವನ್ನು ಎತ್ತಿಕೊಳ್ಳುವ ಹಾಗೆ ಚೆಂಡಿನ ಕೆಳಗೆ ಕೈ ಒಡ್ಡಬೇಕು. ಹಿಡಿತ ಬೆರಳಿನದು, ಅಂಗೈಯದಲ್ಲ. ಅಂಗೈಗೆ ಬಡಿದ ಚೆಂಡು ಪುಟಿಯುತ್ತದೆ. ಕಣ್ಣು ಚೆಂಡಿನ ಮೂತಿಯ ಮೇಲಿದ್ದು, ಅದು ಕಂಕುಳಿನ ಕಡೆಗೆ ಸೇರುವವರೆಗೂ ಜೊತೆಗೇ ಬರಬೇಕು. ಇದೇ ಕೆಡುವುದು. ಮುಂದೆ ಬಯಲು ಕಂಡ ಹುಡುಗ ಚೆಂಡು ಕೈಸೇರುವ ಕ್ಷಣಕ್ಕಿಂತ ಒಂದು ಎಳೆ ಮೊದಲೇ ಗೆರೆಯ ಕಡೆ ನೋಡುತ್ತಾನೆ. ಒಬ್ಬಂಟಿಯಾಗಿದ್ದಾಗಲೇ ಇಂಥ ಚೆಂಡು ಹೆಚ್ಚು ಜಾರುವುದಕ್ಕೆ ಕಾರಣ ಇದು. ಮದ್ದು ಅಭ್ಯಾಸ ಒಂದೇ. ಚೆಂಡು ಉಗುಳುವ ಜಗ್ಸ್ ಯಂತ್ರದ ಎದುರು, ಅದಕ್ಕೆ ಬೆನ್ನು ಹಾಕಿ ಓಡುತ್ತಾ, ದಿನಕ್ಕೆ ನೂರರ ಲೆಕ್ಕದಲ್ಲಿ. ಮುಖಾಮುಖಿ ನಿಂತು ಹಿಡಿಯುವ ನೂರು ಚೆಂಡು ಈ ಕೆಲಸಕ್ಕೆ ಬರುವುದಿಲ್ಲ.

ಹಾಗಾಗಿ ಡ್ರಾಪ್, ಅಂದರೆ ಕೈಗೆ ಬಂದ ಚೆಂಡು ಬೀಳಿಸುವುದು, ತಿದ್ದಬಹುದಾದ ದೋಷ. ಮುಂದೆ ದೊಡ್ಡ ಹೆಸರಾದ ರಿಸೀವರ್ ಜೆರ್ರಿ ರೈಸ್ ತಮ್ಮ ಮೊದಲ ವರ್ಷ, 1985ರಲ್ಲಿ, ಚೆಂಡು ಬೀಳಿಸಿ ಸ್ಯಾನ್ ಫ್ರಾನ್ಸಿಸ್ಕೋದ ತಮ್ಮ ಜನರಿಂದಲೇ ಬೈಸಿಕೊಂಡವರು. ಮರುವರ್ಷ 86 ಕ್ಯಾಚ್, 1,570 ಯಾರ್ಡ್. ಸಿನ್ಸಿನಾಟಿಯ ರಿಸೀವರ್ ಜಮಾರ್ ಚೇಸ್ 2021ರ ಸೀಸನ್ ಪೂರ್ವ ಪಂದ್ಯಗಳಲ್ಲಿ ಸಾಲಾಗಿ ಬೀಳಿಸಿದರು. ಅದೇ ವರ್ಷ 1,455 ಯಾರ್ಡ್, 13 ಟಚ್‌ಡೌನ್. ಕಾವಲುಗಾರನಿಂದ ಬಿಡಿಸಿಕೊಳ್ಳಲು ಬಾರದವನ ಕಥೆ ಬೇರೆ. ಅವನ ಹೆಸರಿನ ಮುಂದೆ ಡ್ರಾಪ್ ಕೂಡ ಬರುವುದಿಲ್ಲ, ಯಾಕೆಂದರೆ ಅವನ ಕಡೆ ಚೆಂಡೇ ಬರುವುದಿಲ್ಲ. ಡ್ರಾಪ್ ಪಟ್ಟಿ ಮಾತ್ರ ಓದುವವರಿಗೆ ಇದು ಕಾಣುವುದಿಲ್ಲ.

ಬಿಡಿಸಿಕೊಳ್ಳುವುದು ಮೊದಲ ಐದು ಯಾರ್ಡಿನಲ್ಲೇ ನಿರ್ಧಾರ. ಎನ್ಎಫ್ಎಲ್‌ನಲ್ಲಿ ಅಷ್ಟು ದೂರದವರೆಗೆ ಕಾವಲುಗಾರ ರಿಸೀವರ್‌ನ ಎದೆಗೆ ಕೈ ಹಾಕಿ ತಡೆಯಬಹುದು. ಇದನ್ನು ಪ್ರೆಸ್ ಅನ್ನುತ್ತಾರೆ. ಅನುಭವಿ ಕಾರ್ನರ್‌ಬ್ಯಾಕ್ (ರಿಸೀವರ್‌ನ ಕಾವಲುಗಾರ) ಹೊಸ ಹುಡುಗನ ಸೊಂಟವನ್ನೇ ನೋಡುತ್ತಿರುತ್ತಾನೆ. ಭುಜದ ಆಟಕ್ಕೆ ಮರುಳಾಗುವುದಿಲ್ಲ. ಮೊದಲ ಹೆಜ್ಜೆಯಲ್ಲಿ ಪಕ್ಕಕ್ಕೆ ಕುಣಿದು ಕಾಲಹರಣ ಮಾಡಿದರೆ, ಆ ಅರ್ಧ ಸೆಕೆಂಡಿನಲ್ಲಿ ಕ್ವಾರ್ಟರ್‌ಬ್ಯಾಕ್ ಎಸೆಯುವ ಗಳಿಗೆ ದಾಟಿಹೋಗುತ್ತದೆ. ರಿಸೀವರ್ ಸರಿಯಾದ ಜಾಗಕ್ಕೇ ಬಂದಿರುತ್ತಾನೆ, ತಡವಾಗಿ. ನೋಡುವವರು ಎಸೆದವನನ್ನು ಬೈಯುತ್ತಾರೆ.

ನಂತರ ರೂಟ್‌ಗಳ, ಅಂದರೆ ರಿಸೀವರ್ ಓಡುವ ದಾರಿಗಳ ಮಾತು. 1ರಿಂದ 9ರವರೆಗೆ ಅಂಕಿ ಕೊಟ್ಟ ಒಂದು ಮರವೇ ಇದೆ: 2 ಸ್ಲ್ಯಾಂಟ್ (ಒಳಕ್ಕೆ ಓರೆ ಓಟ), 4 ಕರ್ಲ್ (ನಿಂತು ತಿರುಗುವುದು), 6 ಡಿಗ್ (ಒಳಕ್ಕೆ ಅಡ್ಡ ತಿರುವು), 8 ಪೋಸ್ಟ್ (ಆಳದಲ್ಲಿ ಒಳಕ್ಕೆ ಓರೆ), 9 ನೇರ ಓಟ. ವೇಗ ಇದ್ದವನಿಗೆ 9 ತಾನಾಗಿ ಬರುತ್ತದೆ. 9ಕ್ಕೆ ಹೆದರಿ ಕಾವಲುಗಾರ ಹಿಂದೆ ಸರಿದಾಗ, ಅದೇ ವೇಗದಲ್ಲಿ ಬಂದು ಎರಡು ಮೂರು ಹೆಜ್ಜೆಯಲ್ಲಿ ನಿಂತು ತಿರುಗುವ 3, 4 ಬರಬೇಕು. ಉದ್ದ ಕಾಲಿನವರಿಗೆ ನಿಲ್ಲುವುದೇ ಕಷ್ಟ. ಸೊಂಟ ಇಳಿಯದೆ ಐದಾರು ಹೆಜ್ಜೆ ಹಾಕುತ್ತಾರೆ, ಕಾವಲುಗಾರ ಆ ಹೆಜ್ಜೆಗಳನ್ನು ಎಣಿಸಿಯೇ ಮುನ್ನುಗ್ಗುತ್ತಾನೆ. ಇದರ ಮೇಲೆ ರಾಜರ್ಸ್ ಗೆರೆಯ ಬಳಿ ಕೈಸನ್ನೆಯಲ್ಲೇ ರೂಟ್ ಬದಲಿಸುವವರು. ಹುಡುಗ ಸನ್ನೆ ತಪ್ಪಿಸಿಕೊಂಡರೆ ಚೆಂಡು ಒಂದು ಕಡೆ, ಅವನು ಒಂದು ಕಡೆ. ಆಡಮ್ಸ್‌ಗೂ ಇದಕ್ಕೆ ಎರಡು ವರ್ಷ ಹಿಡಿಯಿತು: 2014ರಲ್ಲಿ 446 ಯಾರ್ಡ್, 2015ರಲ್ಲಿ 483 ಯಾರ್ಡ್ ಮತ್ತು ಒಂದೇ ಟಚ್‌ಡೌನ್. ಆ ಚಳಿಗಾಲದಲ್ಲಿ ಅವರನ್ನು ಕೈಬಿಡಬೇಕೆಂದು ಇದೇ ವಿಸ್ಕಾನ್ಸಿನ್‌ನಲ್ಲಿ ಹೇಳುತ್ತಿದ್ದವರಿಗೆ ಕೊರತೆ ಇರಲಿಲ್ಲ. 2016ರಲ್ಲಿ 997 ಯಾರ್ಡ್, 12 ಟಚ್‌ಡೌನ್.

ಇಷ್ಟೆಲ್ಲ ಹೇಳಿದರೂ ಆ ಮಧ್ಯಾಹ್ನ ಹಿರಿಯರ ಕೈಯಲ್ಲಿ ಒಂದು ಬಲವಾದ ಸಾಕ್ಷಿ ಇತ್ತು. ಅದೇ ಮೈದಾನದಲ್ಲಿ ಎದುರು ಕಡೆ ವೈಕಿಂಗ್ಸ್‌ನ ರಿಸೀವರ್ ಜಸ್ಟಿನ್ ಜೆಫರ್ಸನ್ ಆಡುತ್ತಿದ್ದರು. ಮೂರನೇ ವರ್ಷ, 9 ಕ್ಯಾಚ್, 184 ಯಾರ್ಡ್, ಎರಡು ಟಚ್‌ಡೌನ್. ಪಂದ್ಯ 23-7ರಲ್ಲಿ ವೈಕಿಂಗ್ಸ್ ಪಾಲಾಯಿತು. "ಇವನಿಗೆ ಎರಡು ವರ್ಷ ಯಾರು ಕಾದಿದ್ರು ಹೇಳು?" ಅಂದರು. ನಿಜ, ಜೆಫರ್ಸನ್ ಮೊದಲ ವರ್ಷವೇ 1,400 ಯಾರ್ಡ್ ಮಾಡಿದವರು. ಆದರೆ 2020ರ ಮೊದಲ ಎರಡು ಪಂದ್ಯಗಳಲ್ಲಿ ಅವರ ಒಟ್ಟು ಕ್ಯಾಚ್ ಐದು. ಮೂರನೇ ಪಂದ್ಯದಲ್ಲಿ 175 ಯಾರ್ಡ್ ಬಂತು. ಅವರ ಹಿಂದೆ ಎಲ್ಎಸ್‌ಯು (ಲೂಸಿಯಾನ ಸ್ಟೇಟ್) ಕಾಲೇಜು ತಂಡದ ರಾಷ್ಟ್ರೀಯ ಚಾಂಪಿಯನ್ ಸೀಸನ್ ಇತ್ತು. ದೇಶದ ಅತಿ ಗಟ್ಟಿ ಕಾರ್ನರ್‌ಬ್ಯಾಕ್‌ಗಳ ಎದುರು ವಾರವಾರ ಆಡಿದ ರೂಢಿ. ಅಂಥವರನ್ನು ಅಳತೆಗೋಲು ಮಾಡಿಕೊಂಡರೆ ಮಿಕ್ಕ ಎಲ್ಲರೂ ಕುಳ್ಳರೇ.

ಅಳತೆಗೋಲು ಬೇಕಿದ್ದರೆ ಲೆಕ್ಕ ಹಾಕಿಯೇ ಮಾಡಿಕೊಳ್ಳಬಹುದು. ಅರ್ಧ ವಿರಾಮದಲ್ಲಿ ಒಬ್ಬರು ಪಿಜ್ಜಾ ಡಬ್ಬದ ಮುಚ್ಚಳದ ಮೇಲೆ ಬಾಲ್‌ಪೆನ್‌ನಲ್ಲಿ ಬರೆದರು. ಪಂದ್ಯಕ್ಕೆ ಸುಮಾರು 34 ಎಸೆತ, 17 ಪಂದ್ಯಕ್ಕೆ 578. ತಂಡದ ಮುಖ್ಯ ರಿಸೀವರ್‌ಗೆ ಅದರಲ್ಲಿ ಐದರಲ್ಲೊಂದು ಪಾಲು ಬಂದರೆ 115 ಟಾರ್ಗೆಟ್ (ಅವನ ಕಡೆ ಎಸೆದ ಚೆಂಡು). ನೂರಕ್ಕೆ 62 ಹಿಡಿದರೆ 71 ಕ್ಯಾಚ್. ಕ್ಯಾಚಿಗೆ 13 ಯಾರ್ಡ್ ಹಿಡಿದರೆ 920ರ ಹತ್ತಿರ. ಅಂದರೆ ಸಾವಿರ ಯಾರ್ಡ್ ಎಂಬುದು ಪೂರ್ತಿ 17 ಪಂದ್ಯ ಆಡುವ, ತಂಡದ ಮೊದಲ ಆಯ್ಕೆಯಾಗಿರುವ ಪಳಗಿದ ಆಟಗಾರನಿಗೂ ಸಲೀಸಲ್ಲ. ಎರಡನೇ ಸುತ್ತಿನಲ್ಲಿ ಬಂದು, ಶಿಬಿರ ತಪ್ಪಿಸಿಕೊಂಡ ಹುಡುಗನಿಗೆ ಹತ್ತರಲ್ಲೊಂದು ಪಾಲು ಸಿಕ್ಕರೂ ಹೆಚ್ಚು. 60 ಟಾರ್ಗೆಟ್, 35ರಿಂದ 40 ಕ್ಯಾಚ್, 450ರಿಂದ 520 ಯಾರ್ಡ್. ಮುಚ್ಚಳ ನೋಡಿ ಹಿರಿಯರು ಏನೂ ಹೇಳಲಿಲ್ಲ, ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಕೂಡಿಸಿ ನೋಡಿದರು.

ಸೀಸನ್ ಮುಗಿದಾಗ ವಾಟ್ಸನ್ ಲೆಕ್ಕ 66 ಟಾರ್ಗೆಟ್, 41 ಕ್ಯಾಚ್, 611 ಯಾರ್ಡ್. ಮುಚ್ಚಳದಲ್ಲಿ ಇರದೇ ಇದ್ದದ್ದು ಟಚ್‌ಡೌನ್. ನವೆಂಬರ್ 13ರಂದು ಪ್ಯಾಕರ್ಸ್ ತವರು ಮೈದಾನ ಲ್ಯಾಂಬೋ ಫೀಲ್ಡ್‌ನಲ್ಲಿ ಡಲ್ಲಸ್ ಕೌಬಾಯ್ಸ್ ಎದುರು 4 ಕ್ಯಾಚ್, 107 ಯಾರ್ಡ್, ಮೂರು ಟಚ್‌ಡೌನ್. ಪ್ಯಾಕರ್ಸ್ ಓವರ್‌ಟೈಮ್‌ನಲ್ಲಿ 31-28ಕ್ಕೆ ಗೆದ್ದರು. ಅಲ್ಲಿಂದ ನಾಲ್ಕು ಪಂದ್ಯದಲ್ಲಿ ಒಟ್ಟು ಎಂಟು ಟಚ್‌ಡೌನ್. ಮಿನಿಯಾಪೊಲಿಸ್‌ನಲ್ಲಿ ಪೀಟರ್ಸನ್‌ರನ್ನು ದಾಟಿದ್ದ ಕಾಲೇ ಇಲ್ಲೂ ದಾಟಿತು, ಈ ಸಲ ಕಣ್ಣು ಕೊನೆಯವರೆಗೂ ಚೆಂಡಿನ ಜೊತೆಗೆ ಬಂತು. ಕಿರಿಯನ ಪಕ್ಷ ಆ ನಾಲ್ಕು ಪಂದ್ಯದಲ್ಲಿ ಹಿಗ್ಗಿದ್ದು ನ್ಯಾಯವೇ. ಆದರೆ ಅವರೂ ಆಗಲೇ ಮುಂದಿನ ವರ್ಷಕ್ಕೆ 1,200 ಯಾರ್ಡ್ ಬರೆಯತೊಡಗಿದರು. ನಾಲ್ಕು ಪಂದ್ಯವನ್ನು ನಾಲ್ಕರಿಂದ ಗುಣಿಸಿ ವರ್ಷ ಮಾಡುವುದು, ಒಂದು ಡ್ರಾಪ್‌ನಿಂದ ಇಡೀ ಭವಿಷ್ಯ ಹೇಳಿದಷ್ಟೇ ತಪ್ಪು. ಎದುರಾಳಿಗಳು ಆ ನಾಲ್ಕು ಪಂದ್ಯದ ಟೇಪ್ ನೋಡುತ್ತಾರೆ, ಹಿಂದೆ ಆಳದಲ್ಲಿ ಕಾಯುವ ಸೇಫ್ಟಿಯನ್ನು ಅವನ ಕಡೆಗೆ ವಾಲಿಸಿ ಆಳದ ದಾರಿ ಮುಚ್ಚುತ್ತಾರೆ. ಆಮೇಲೆ ಆ ವರ್ಷ ಅವನಿಗೆ ಇನ್ನೊಂದು ಟಚ್‌ಡೌನ್ ಸಿಗಲಿಲ್ಲ.

ಎರಡೂ ಪಕ್ಷದವರು ಆ ದಿನ ಕೈ ಮತ್ತು ಕಾಲಿನ ಬಗ್ಗೆ ವಾದಿಸಿದರು, ತೊಡೆಯ ಹಿಂಭಾಗದ ಸ್ನಾಯುವಿನ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ನನಗೆ ಈಗಲೂ ಕೊರೆಯುವುದು ಇದೇ. ಭಾರವಾದ ಮೈ, ಉದ್ದನೆ ಹೆಜ್ಜೆ, ನಿಂತಲ್ಲಿಂದ ಪೂರ್ತಿ ವೇಗಕ್ಕೆ ನೆಗೆಯುವ ಓಟ, ಇವೆಲ್ಲದರ ಹೊರೆ ಬೀಳುವುದು ಹ್ಯಾಮ್‌ಸ್ಟ್ರಿಂಗ್ ಮೇಲೆ. ಒಮ್ಮೆ ಹರಿದದ್ದು ಪೂರ್ತಿ ಕೂಡುವ ಮೊದಲೇ ಓಡಿದರೆ ಮತ್ತೆ ಹರಿಯುತ್ತದೆ. 2023ರಲ್ಲಿ ವಾಟ್ಸನ್ ಆಡಿದ್ದು ಒಂಬತ್ತೇ ಪಂದ್ಯ. 2025ರ ಜನವರಿಯಲ್ಲಿ, ಪ್ಲೇಆಫ್‌ಗೆ ಮೊದಲಿನ ಲೀಗ್ ಹಂತದ ಕೊನೇ ಪಂದ್ಯದಲ್ಲಿ, ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯಿತು. 4.36 ಸೆಕೆಂಡಿನ ಹುಡುಗನ ನಿರೀಕ್ಷೆ ಬರೆಯುವಾಗ 17 ಅಂತ ಪಂದ್ಯ ಹಾಕುವುದರ ಬದಲು 12 ಹಾಕಿ ಗುಣಿಸಿದ್ದರೆ ಇಬ್ಬರ ಲೆಕ್ಕವೂ ಸತ್ಯಕ್ಕೆ ಹತ್ತಿರ ಇರುತ್ತಿತ್ತು.

ಈಗ ಆ ಬೇಸ್‌ಮೆಂಟ್‌ನಲ್ಲಿ ವಾದ ಶುರುವಾಗುವುದು ಭಾನುವಾರವಲ್ಲ, ತಂಡಗಳು ಗಾಯಾಳುಗಳ ಪಟ್ಟಿ ಬಿಡುವ ಬುಧವಾರ. ಬುಧವಾರ ಅಭ್ಯಾಸ ಮಾಡದೆ ಗುರುವಾರ ಅರ್ಧ, ಶುಕ್ರವಾರ ಪೂರ್ತಿ ಮಾಡಿದನೆಂದರೆ ಹೆಚ್ಚಾಗಿ ಆಡುತ್ತಾನೆ. ಬುಧವಾರ ಪೂರ್ತಿ ಮಾಡಿ ಶುಕ್ರವಾರ ಅರ್ಧಕ್ಕೆ ಇಳಿದರೆ ಏನೋ ಎಳೆದುಕೊಂಡಿದ್ದಾನೆಂದೇ ಲೆಕ್ಕ. ಶುಕ್ರವಾರ ಸಂಜೆ ಹಿರಿಯರೇ ಮೊದಲು ಫೋನ್ ಮಾಡಿ ಕೇಳುತ್ತಾರೆ: "ಹುಡುಗ ಇವತ್ತು ಓಡಿದ್ನಾ?"